ನಡುವೆ ಕೂತ ಅಪ್ಪ

2021ರ ಜುಲೈ ಕೊನೆಯ ವಾರ ಕರ್ನಾಟಕದ ಮುಖ್ಯಮಂತ್ರಿ ಕುರ್ಚಿಯಿಂದ ಒಬ್ಬ ಬಿ.ಎಸ್. ಎದ್ದರು, ಇನ್ನೊಬ್ಬ ಬಿ.ಎಸ್. ಕೂತರು. ಎದ್ದವರು ಬೂಕನಕೆರೆ ಸಿದ್ದಲಿಂಗಪ್ಪ ಯಡಿಯೂರಪ್ಪ. ಕೂತವರು ಬಸವರಾಜ ಸೋಮಪ್ಪ ಬೊಮ್ಮಾಯಿ. ಮೊದಲಿನವರಲ್ಲಿ ಊರು ಮುಂದೆ, ಅಪ್ಪ ನಡುವೆ, ತಾವು ಕೊನೆಗೆ. ಎರಡನೆಯವರಲ್ಲಿ ತಾವು ಮುಂದೆ, ಅಪ್ಪ ನಡುವೆ, ಮನೆತನ ಕೊನೆಗೆ. ಇಬ್ಬರೂ ಕನ್ನಡಿಗರು, ಇಬ್ಬರೂ ಲಿಂಗಾಯತರು. ಒಬ್ಬರ ಕ್ಷೇತ್ರ ಶಿಕಾರಿಪುರ, ಇನ್ನೊಬ್ಬರದು ಶಿಗ್ಗಾವಿ. ಶಿಕಾರಿಪುರದ ಕಡೆಯಿಂದ ಬರುವ ಕುಮುದ್ವತಿ ಮದಗ-ಮಾಸೂರ ಕೆರೆ ದಾಟಿ ರಟ್ಟೀಹಳ್ಳಿ ಮುಟ್ಟುತ್ತದೆ. ಆ ಹಾದಿಯಲ್ಲಿ ಭಾಷೆ ಬದಲಾಗುವುದಿಲ್ಲ, ದೇವರು ಬದಲಾಗುವುದಿಲ್ಲ. ಹೆಸರು ಬರೆಯುವ ಕ್ರಮ ಮಾತ್ರ ಹಿಂದುಮುಂದಾಗುತ್ತದೆ. 1956ರ ನವೆಂಬರ್ 1ರ ತನಕ ನಡುವೆ ಒಂದು ಗಡಿ ಇತ್ತು. ಆಚೆ ಮೈಸೂರು, ಈಚೆ ಮುಂಬೈ ರಾಜ್ಯದ ಧಾರವಾಡ ಜಿಲ್ಲೆ. ಗಡಿ ಹೋಯಿತು, ಹೆಸರಿನಲ್ಲಿ ಅದರ ಗೆರೆ ಉಳಿಯಿತು.

ಇದನ್ನು ಹೇಳಿದರೆ ನಮ್ಮ ಕಡೆಯ ಹಿರಿಯರು ಒಪ್ಪುವುದಿಲ್ಲ. ಅವರ ವಾದ ನನಗೆ ಬಾಯಿಪಾಠವಾಗಿದೆ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಈ ಮೂರು ಸೇರಿದರೇ ಪೂರ್ಣ ಹೆಸರು. ಇದು ಹಿಂದಿನಿಂದ ಬಂದ ಸಂಪ್ರದಾಯ. ನಡುವಿನ ಹೆಸರು ವಂಶದ ಗುರುತು, ಅದನ್ನು ತೆಗೆದರೆ ಮನುಷ್ಯನಿಗೆ ಬುಡವೇ ಇಲ್ಲ. ಲಗ್ನಪತ್ರಿಕೆ ಬರೆಸುವಾಗ, ಕೂಸಿನ ಜನನಪತ್ರ ಮಾಡಿಸುವಾಗ, ಸಾಲಿಗೆ ಹೆಸರು ಹಚ್ಚುವಾಗ ಎಲ್ಲ ಕಡೆ ಇದೇ ಮಾತು. ಓದಿದವರೂ ಇದನ್ನೇ ಹೇಳುತ್ತಾರೆ, ಸ್ವಲ್ಪ ಜೋರಾಗಿಯೇ ಹೇಳುತ್ತಾರೆ.

ಈ ಮಾತಿನಲ್ಲಿ ಸಂಪ್ರದಾಯವೂ ಇಲ್ಲ, ವಂಶವೂ ಇಲ್ಲ. ಒಂದೊಂದಾಗಿ ನೋಡೋಣ.

ಮೊದಲು ಸಂಪ್ರದಾಯ. ಮೋಹನದಾಸ ಕರಮಚಂದ ಗಾಂಧಿ ಗುಜರಾತಿ. ಬಾಳ ಗಂಗಾಧರ ತಿಲಕ ಮರಾಠಿ. ಭೀಮರಾವ್ ರಾಮಜಿ ಅಂಬೇಡ್ಕರ್ ಕೂಡ ಮರಾಠಿ, ಆದರೆ ತಿಲಕರ ಜಾತಿಗೂ ಅವರ ಜಾತಿಗೂ ನಡುವೆ ಇಡೀ ಹಿಂದೂ ಸಮಾಜ ನಿಂತಿದೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಧಾರವಾಡದವರು, ವಿನಾಯಕ ಕೃಷ್ಣ ಗೋಕಾಕ ನಮ್ಮ ಸವಣೂರಲ್ಲಿ ಹುಟ್ಟಿದವರು. ಭಾಷೆ ಬೇರೆ, ಜಾತಿ ಬೇರೆ, ಹೆಸರಿನ ಅಚ್ಚು ಒಂದೇ. ಅತ್ತ ಅದೇ ಕನ್ನಡದಲ್ಲಿ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕನ್ನಡದ ಪರಂಪರೆಯಾಗಿದ್ದರೆ ಕುಪ್ಪಳಿಯಲ್ಲೂ ಹೀಗೇ ಇರಬೇಕಿತ್ತು. ಲಿಂಗಾಯತರ ಪದ್ಧತಿಯಾಗಿದ್ದರೆ ಬೂಕನಕೆರೆಯಲ್ಲೂ ಇರಬೇಕಿತ್ತು. ಈ ಎಲ್ಲ ಹೆಸರುಗಳಿಗೂ ಸಮನಾಗಿ ಒಗ್ಗುವುದು ಒಂದೇ: ಮುಂಬೈ ಸರಕಾರದ ನಕಾಶೆ. ಕಂದಾಯದ ದಫ್ತರ, ಸಾಲಿಯ ಹಾಜರಿ ಪುಸ್ತಕ, ನೌಕರಿಯ ಪಟ್ಟಿ ಒಂದೇ ಮಾದರಿಯಲ್ಲಿ ನಡೆದ ಕಡೆಯೆಲ್ಲ ಹೆಸರೂ ಒಂದೇ ಮಾದರಿಗೆ ಬಂತು. ಗುಮಾಸ್ತನಿಗೆ ಅನುಕೂಲವಾದದ್ದು ನಾಲ್ಕು ತಲೆಮಾರು ಉರುಳುವಷ್ಟರಲ್ಲಿ ಕುಲಾಚಾರವಾಯಿತು. ನಮ್ಮ ಜಮೀನು ಕಾಗದಗಳಲ್ಲಿ ಅಪ್ಪನನ್ನು ಮಗನಿಗೆ ಗಂಟು ಹಾಕುವ 'ಬಿನ್' ಅನ್ನುವುದೇ ಅರಬ್ಬಿಯಿಂದ ಬಂದದ್ದು. ಸಂಪ್ರದಾಯ ಅಂತ ಎದೆ ತಟ್ಟಿಕೊಳ್ಳುವ ಮುಂಚೆ ತಮ್ಮದೇ ಹಳೇ ಉತಾರ ತೆಗೆದು ನೋಡಿದರೆ ಸಾಕು.

ಇನ್ನೂ ಹಿಂದಕ್ಕೆ ಹೋಗೋಣ ಎನ್ನುವವರಿಗೆ ನಾನು ತಯಾರು. ಶಿಕಾರಿಪುರ ತಾಲೂಕಿನ ಮಳವಳ್ಳಿಯಲ್ಲಿ ಪ್ರಾಕೃತ ಶಾಸನವಿರುವ ಒಂದು ಕಂಬವಿದೆ. ಬನವಾಸಿಯಿಂದ ಆಳಿದ ಚುಟು ಅರಸ ಅದರಲ್ಲಿ ತನ್ನನ್ನು ಹಾರೀತೀಪುತ್ರ ಎಂದು ಕರೆದುಕೊಂಡಿದ್ದಾನೆ. ಅವನ ನಂತರ ಬಂದ ಕದಂಬರೂ ಹಾರೀತೀಪುತ್ರರೇ, ಬಾದಾಮಿ ಚಾಲುಕ್ಯರೂ ಹಾರೀತೀಪುತ್ರರೇ. ಅವರಿಗಿಂತ ಮೊದಲಿನ ಶಾತವಾಹನರಲ್ಲಿ ಗೌತಮೀಪುತ್ರ, ವಾಸಿಷ್ಠೀಪುತ್ರ. ಗೌತಮಿ ಬಾಲಶ್ರೀ ಎಂಬ ತಾಯಿ ನಾಸಿಕದ ಗವಿಯಲ್ಲಿ ಮಗನ ಬಗ್ಗೆ ಶಾಸನ ಹಾಕಿಸಿದ್ದಾಳೆ. ಇದರಲ್ಲಿ ಗೋತ್ರದ ಲೆಕ್ಕಾಚಾರವೂ ಇದೆ ಎಂದು ಪಂಡಿತರು ಹೇಳುತ್ತಾರೆ, ಇರಲಿ. ಆಗಲೂ ಅದು ತಾಯಿಯ ಕಡೆಯಿಂದ ಬಂದ ಗುರುತೇ ಹೊರತು ಅಪ್ಪನದಲ್ಲ. ಈ ಅರಸರ ಕಾಲದಲ್ಲಿ ಹೆಂಗಸರಿಗೆ ಸ್ವರ್ಗ ಇತ್ತು ಅಂತ ನಾನು ಹೇಳುತ್ತಿಲ್ಲ. ಈ ನೆಲದಲ್ಲಿ ಹೆಸರಿಗೆ ತಾಯಿಯನ್ನು ಹಚ್ಚಿಕೊಂಡವರು ಸಿಂಹಾಸನದ ಮೇಲೆ ಕೂತಿದ್ದರು, ಅದರಿಂದ ಅವರ ಬುಡ ಕಿತ್ತುಹೋಗಲಿಲ್ಲ, ಅಷ್ಟೇ.

ಹನ್ನೆರಡನೆಯ ಶತಮಾನದ ಶರಣರನ್ನು ನೋಡಿ. ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ. ಇಲ್ಲೇ ರಾಣೇಬೆನ್ನೂರ ತಾಲೂಕಿನ ಚೌಡಯ್ಯದಾನಪುರಕ್ಕೆ ಹೆಸರು ಕೊಟ್ಟ ಅಂಬಿಗರ ಚೌಡಯ್ಯ. ಕಾಯಕ ಮುಂದೆ, ಹೆಸರು ಹಿಂದೆ, ಅಪ್ಪನ ಸುದ್ದಿಯೇ ಇಲ್ಲ. ಹೌದು, ಅದೇ ಶರಣರ ಪಟ್ಟಿಯಲ್ಲಿ ಇಂಥವರ ಪುಣ್ಯಸ್ತ್ರೀ ಎಂದು ಗಂಡನ ಹೆಸರಿಗೆ ಕಟ್ಟಿಹಾಕಿದ ಹೆಂಗಸರೂ ಬೇಕಾದಷ್ಟಿದ್ದಾರೆ. ಅದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಡ. ಆದರೆ ಆ ಪಟ್ಟಿಯ ಗಂಡಸರಿಗೆ ಅಪ್ಪ ಬೇಕಾಗಿಲ್ಲ, ಹೆಂಗಸರಿಗೆ ಮಾತ್ರ ಗಂಡ ಬೇಕಾಗಿದ್ದಾನೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಈ ಸೀಮೆಯ ಹೆಸರಾದ ಕವಿಗಳು ಯಾರು? ಶಿಗ್ಗಾವಿ ತಾಲೂಕಿನ ಬಾಡದ ತಿಮ್ಮಪ್ಪನಾಯಕ, ಜನಕ್ಕೆ ಕನಕದಾಸ. ಅದೇ ತಾಲೂಕಿನ ಶಿಶುವಿನಹಾಳದ ಶರೀಫ. ಅವನ ಹೆಸರಿಗೆ ಊರು ಹತ್ತಿತು, ಜನರ ಬಾಯಲ್ಲಿ ಗುರು ಗೋವಿಂದಭಟ್ಟರೂ ಜೊತೆಗೆ ಬಂದರು, ಅಪ್ಪನ ಹೆಸರು ಹತ್ತಲಿಲ್ಲ. ಮೂರನೆಯವನು ಸರ್ವಜ್ಞ. ಅಬಲೂರಿನವನೆಂದೂ ಮಾಸೂರಿನವನೆಂದೂ ಎರಡು ಊರು ಜಗ್ಗಾಡುವ ಈ ಮನುಷ್ಯನ ಬಗ್ಗೆ ಐತಿಹ್ಯ ಹೇಳುವುದು ಇಷ್ಟು: ತಾಯಿ ಮಾಳಿ, ಕುಂಬಾರಗಿತ್ತಿ, ತಂದೆ ಮಾಸೂರಿನ ಬಸವರಸ. ಉತ್ತಂಗಿ ಚೆನ್ನಪ್ಪನವರು ಊರೂರು ಅಲೆದು ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದ ಮೇಲೆ ನಮ್ಮ ವಿದ್ವಾಂಸರು ಅತಿ ಹೆಚ್ಚು ಬೆವರು ಸುರಿಸಿದ ಪ್ರಶ್ನೆಗಳಲ್ಲಿ ಒಂದು, ಇವನ ಅಪ್ಪ ಯಾವ ಜಾತಿ ಎಂಬುದು. ಹುಟ್ಟಿನ ಕತೆ ಹೇಳುವ ತ್ರಿಪದಿಗಳು ಅವನವೋ ಆಮೇಲೆ ಯಾರೋ ಸೇರಿಸಿದವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಸೇರಿಸಿದ್ದೇ ನಿಜವಾದರೆ ಕಾರಣ ಹುಡುಕಬೇಕಾಗಿಲ್ಲ: ಇಷ್ಟು ಬುದ್ಧಿ ಇರುವವನಿಗೆ ತಕ್ಕ ಅಪ್ಪ ಇಲ್ಲದಿದ್ದರೆ ಹೇಗೆ ಎಂಬ ಚಿಂತೆ ಯಾರನ್ನೋ ಕಾಡಿರಬೇಕು. ಮಾಳಿಯ ಜಾತಿ ಬಗ್ಗೆ ಯಾರಿಗೂ ಅನುಮಾನವಿಲ್ಲ, ಅದಕ್ಕೇ ಅವಳ ಬಗ್ಗೆ ಯಾರಿಗೂ ಆಸಕ್ತಿಯೂ ಇಲ್ಲ.

ಈಗ ಎರಡನೆಯ ಮಾತು, ವಂಶ. ನನ್ನ ನಿಜವಾದ ತಕರಾರು ಇಲ್ಲಿದೆ.

ರಟ್ಟೀಹಳ್ಳಿಯಲ್ಲಿ ಗಂಗವ್ವ ಫಕ್ಕೀರಪ್ಪ ಹಿತ್ತಲಮನಿ ಎಂಬ ಹುಡುಗಿ ಇದ್ದಾಳೆ ಎಂದಿಟ್ಟುಕೊಳ್ಳಿ. ಸಾಲಿಯಲ್ಲಿ ಹೀಗೇ ಬರೆದಿದ್ದಾರೆ, ಹತ್ತನೆಯ ಇಯತ್ತೆಯ ಅಂಕಪಟ್ಟಿಯಲ್ಲಿ ಹೀಗೇ ಇದೆ. ಲಗ್ನಪತ್ರಿಕೆಯಲ್ಲೂ ಇವಳು ಫಕ್ಕೀರಪ್ಪನ ಮಗಳೇ. ಅಕ್ಕಿಕಾಳು ಬಿದ್ದ ಮೇಲೆ ಇವಳು ಗಂಗವ್ವ ಬಸಪ್ಪ ಅಗಸಿಮನಿ. ಅಡ್ಡಹೆಸರು ಹೋಯಿತು, ಅದನ್ನು ಬಿಡಿ, ಮನೆ ಬದಲಾಯಿತು ಅನ್ನಬಹುದು. ಆದರೆ ನಡುವಿನ ಹೆಸರೂ ಹೋಯಿತಲ್ಲ? ಅದು ವಂಶದ ಗುರುತಾಗಿದ್ದರೆ ಹೇಗೆ ಹೋಗಲು ಸಾಧ್ಯ? ಮದುವೆಯಾದ ಮಾತ್ರಕ್ಕೆ ಫಕ್ಕೀರಪ್ಪ ಅವಳಿಗೆ ಅಪ್ಪ ಅಲ್ಲವಾದನೆ? ಬಸಪ್ಪ ಅವಳನ್ನು ಹಡೆದನೆ? ಆ ಜಾಗದಲ್ಲಿ ಅಪ್ಪನನ್ನು ಎಬ್ಬಿಸಿ ಗಂಡನನ್ನು ಕೂರಿಸಬಹುದು ಎಂದಾದರೆ ಆ ಜಾಗ ಅಪ್ಪನದಲ್ಲ. ಈಗ ಇವಳು ಯಾರ ಅಂಕೆಯಲ್ಲಿದ್ದಾಳೆ ಎಂದು ಬರೆಯುವ ಜಾಗ ಅದು. ಹಿತ್ತಲಮನಿ ಫಕ್ಕೀರಪ್ಪ ಮಗಳ ಮಟ್ಟಿಗೆ ಇಷ್ಟು ವರ್ಷ ಅಲ್ಲಿ ಕೂತದ್ದು ಅಪ್ಪನಾಗಿ ಅಲ್ಲ, ಹಿಂದಿನ ಯಜಮಾನನಾಗಿ.

ಅಪ್ಪನ ಹೆಸರನ್ನು ನಿಜವಾಗಿ ಅಪ್ಪನ ಹೆಸರೆಂದೇ ನಂಬುವ ನಾಡುಗಳು ಹೀಗೆ ಮಾಡುವುದಿಲ್ಲ. ಐಸ್‌ಲ್ಯಾಂಡಿನಲ್ಲಿ 1980ರಲ್ಲಿ ಚುನಾವಣೆ ಗೆದ್ದು ಅಧ್ಯಕ್ಷೆಯಾದ ವಿಗ್ದೀಸ್ ಫಿನ್‌ಬೊಗಾದೋತ್ತಿರ್, ಅಂದರೆ ಫಿನ್‌ಬೊಗಿಯ ಮಗಳು ವಿಗ್ದೀಸ್, ಮದುವೆಯಾದಾಗಲೂ ಅದೇ, ಬಿಟ್ಟಾಗಲೂ ಅದೇ. ಅಲ್ಲಿ ಹೆಂಡತಿ ಗಂಡನ ಹೆಸರು ತಗಲಿಸಿಕೊಳ್ಳುವ ಮಾತೇ ಇಲ್ಲ, ಯಾಕೆಂದರೆ ಯಾರೂ ತನ್ನ ಗಂಡನ ಅಪ್ಪನಿಗೆ ಮಗಳಲ್ಲ. ತಾಯಿಯ ಹೆಸರಿಗೆ ಮಗ ಎಂದು ಸೇರಿಸಿ ಬರೆದುಕೊಳ್ಳುವವರೂ ಅಲ್ಲಿದ್ದಾರೆ. ಫುಟ್‌ಬಾಲ್ ಆಟಗಾರ ಹೇಯ್ದರ್ ಹೆಲ್ಗುಸನ್ ಎಂದರೆ ಹೆಲ್ಗಾಳ ಮಗ. 1992ರ ಒಲಿಂಪಿಕ್ಸಿನಲ್ಲಿ ಹತ್ತು ಸಾವಿರ ಮೀಟರ್ ಗೆದ್ದ ಇಥಿಯೋಪಿಯಾದ ದೆರಾರ್ತು ತುಲುವಿನಲ್ಲಿ ತುಲು ಎಂಬುದು ಅಪ್ಪ, ಮದುವೆಯ ಮೇಲೂ ಅದು ಅಳಿಸುವುದಿಲ್ಲ. ಅರಬರ ಬಿಂತ್, ಅಂದರೆ ಇಂಥವನ ಮಗಳು, ಸಾಯುವ ತನಕ ಬಿಂತ್. ರಷ್ಯನ್ನರದು ನಮ್ಮದಕ್ಕೆ ತೀರ ಹತ್ತಿರ: ತನ್ನ ಹೆಸರು, ಅಪ್ಪನ ಹೆಸರು, ಮನೆತನ, ಅದೇ ಮೂರು ಭಾಗ. ಟಾಲ್‌ಸ್ಟಾಯ್ ಕಾದಂಬರಿಯ ಅನ್ನಾ ಅರ್ಕಾದ್ಯೇವ್ನಾ ಕರೇನಿನಾಳಿಗೆ ಕರೇನಿನಾ ಗಂಡನಿಂದ ಬಂತು. ಅರ್ಕಾದ್ಯೇವ್ನಾ ಎಂಬ ಅಪ್ಪನ ಗುರುತನ್ನು ಗಂಡನೂ ಮುಟ್ಟಲಿಲ್ಲ, ಮುಂದೆ ಬಂದ ಪ್ರಿಯಕರನೂ ಮುಟ್ಟಲಿಲ್ಲ. ಹತ್ತೊಂಬತ್ತನೆಯ ಶತಮಾನದ ರಷ್ಯದ ಜಮೀನ್ದಾರರು ಹೆಂಗಸರ ಉದ್ಧಾರಕರೇನೂ ಆಗಿರಲಿಲ್ಲ. ಅವರಿಗೂ ಇಷ್ಟು ತರ್ಕ ತಿಳಿದಿತ್ತು.

ನಮ್ಮ ಊರಿನ ಬಾಯಿಮಾತಿಗೂ ತಿಳಿದಿದೆ. ಸೊಸೆಯಾಗಿ ಬಂದವಳನ್ನು ಓಣಿಯಲ್ಲಿ ಮಾಸೂರ್ಯಾಕಿ, ಹಾನಗಲ್ಲಾಕಿ ಅಂತ ತವರೂರಿನಿಂದಲೇ ಗುರುತಿಸುತ್ತಾರೆ. ಮೊಮ್ಮಕ್ಕಳಾದರೂ ಅವಳು ಮಾಸೂರ್ಯಾಕಿಯೇ. ಅಪ್ಪ ಬೇಗ ತೀರಿಕೊಂಡು ತಾಯಿ ದುಡಿದು ಸಾಕಿದ ಹುಡುಗನನ್ನು ಜನ ತಾಯಿಯ ಹೆಸರು ಹಿಡಿದು ನೀಲವ್ವನ ಮಗ ಎನ್ನುತ್ತಾರೆ, ಅದರಲ್ಲಿ ಕೀಳೇನೂ ಇಲ್ಲ. ಜಾತ್ರೆಯಲ್ಲಿ ಸಿಕ್ಕ ಮುದುಕಿ "ಯಾರ ಮನಿಯಾಕೆಬೇ ನೀ?" ಅಂತ ಕೇಳಿದರೆ ಎರಡೂ ಮನೆ ಹೇಳಬೇಕು, ತವರಿನದು ಮೊದಲು. ಬಾಯಲ್ಲಿ ಇಷ್ಟು ಧಾರಾಳ ಇರುವ ಜನ ಕಾಗದ ಬಂದ ಕೂಡಲೇ ಯಾಕೆ ಇಷ್ಟು ಬಿಗಿಯಾಗುತ್ತಾರೋ!

ಇನ್ನೊಂದು ವಿಚಿತ್ರ. ನಮ್ಮಲ್ಲಿ ಹಳೇ ಕಾಲದ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವವರಲ್ಲ. ಲಗ್ನದಲ್ಲಿ, ಸೀಮಂತದಲ್ಲಿ ಎಲ್ಲರೂ ಕಾಡಿದಾಗ ಒಡಪು ಕಟ್ಟಿ ಒಂದು ಸಲ ಹೇಳಿದರೆ ಮುಗಿಯಿತು. ಇಂಥ ಮುದುಕಿ ರೇಶನ್ನಿಗೋ ಪಿಂಚಣಿಗೋ ಹೋಗಿ ನಿಲ್ಲುತ್ತಾಳೆ. ಕಂಪ್ಯೂಟರಿನ ಮುಂದಿನ ಹುಡುಗ ತಲೆ ಎತ್ತದೆ "ಪೂರ್ತಿ ಹೆಸರು ಹೇಳ್ರಿ ಅಮ್ಮಾ" ಅನ್ನುತ್ತಾನೆ. ಅವಳು ತನ್ನ ಹೆಸರು ಹೇಳಿ ನಿಲ್ಲುತ್ತಾಳೆ. ಸೆರಗು ಬಾಯಿಗೆ ಹೋಗುತ್ತದೆ. ಪಕ್ಕದಲ್ಲಿದ್ದ ಮೊಮ್ಮಗನನ್ನು ಮುಂದೆ ತಳ್ಳುತ್ತಾಳೆ, ಅವನು ನಡುವಿನದನ್ನು ಹೇಳುತ್ತಾನೆ, ಕೊನೆಯದನ್ನು ಮತ್ತೆ ಅವಳೇ ಹೇಳುತ್ತಾಳೆ. ತನ್ನ ಪೂರ್ಣ ಹೆಸರನ್ನು ತಾನೇ ಉಚ್ಚರಿಸಲಾಗದ ಪದ್ಧತಿಯನ್ನು ಜಗತ್ತಿನಲ್ಲಿ ಇನ್ನಾರಾದರೂ ಕಟ್ಟಿದ್ದಾರೋ ಇಲ್ಲವೋ, ನಾವಂತೂ ಕಟ್ಟಿದ್ದೇವೆ.

ಇದೆಲ್ಲ ಬರೀ ಮಾನ-ಮರ್ಯಾದೆಯ ಮಾತು, ಹೊಟ್ಟೆಗೆ ಬಟ್ಟೆಗೆ ಸಂಬಂಧವಿಲ್ಲ ಅನ್ನುವವರು ತಾಲೂಕು ಕಚೇರಿ ಸುತ್ತಮುತ್ತ ಅರ್ಜಿ ಬರೆಯಲು ಕೂತವರ ಹತ್ತಿರ ಅರ್ಧ ದಿನ ಕೂರಬೇಕು. ಬರುವ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಗೆ ಬೇಕಾಗುವುದು ಒಂದೇ ಕಾಗದ: ಸಾಲಿ ದಾಖಲೆಯಲ್ಲಿರುವ ಇಂಥವಳೂ ಆಧಾರಿನಲ್ಲಿರುವ ಇಂಥವಳೂ ಒಬ್ಬಳೇ, ಅವಳು ನಾನೇ, ಎಂಬ ಪ್ರಮಾಣಪತ್ರ. ಬಾಂಡಿನ ದುಡ್ಡು, ಬರೆದವನ ದುಡ್ಡು, ನೋಟರಿಯ ದುಡ್ಡು, ಒಂದು ದಿನದ ಕೂಲಿ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾಗಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ ಅಂದಾಗ ರೇಶನ್ ಕಾರ್ಡು, ಆಧಾರು, ಬ್ಯಾಂಕಿನ ಪಾಸ್‌ಬುಕ್ಕು ಮೂರನ್ನೂ ಹಿಡಿದು ಹೆಂಗಸರು ಸಾಲುಗಟ್ಟಿದರು. ಒಂದರಲ್ಲಿ ಅಪ್ಪ, ಎರಡರಲ್ಲಿ ಗಂಡ. ಯಜಮಾನಿ ತಾನೇ ಯಜಮಾನಿ ಎಂದು ಸಾಬೀತು ಮಾಡಬೇಕು. ಅವಳ ಗಂಡನ ಕಾಗದಗಳಲ್ಲಿ ಹುಟ್ಟಿದಾಗಿನಿಂದ ಒಂದಕ್ಷರ ಬದಲಾಗಿಲ್ಲ.

ಹೊಲದ ವಿಷಯ ಇನ್ನೂ ಗಟ್ಟಿ. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾನೂನು ತಿದ್ದಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಕೊಟ್ಟಿತು, ಆಗ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ, 2005ರಲ್ಲಿ ಅಪ್ಪ ಬದುಕಿರಲಿ ಬಿಡಲಿ ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದಿತು. ಅಂದರೆ ಕಾನೂನಿನ ಕಣ್ಣಲ್ಲಿ ಗಂಗವ್ವ ಸಾಯುವ ತನಕ ಫಕ್ಕೀರಪ್ಪನ ಮಗಳು. ಆದರೆ ವಾರಸಾ ಹಚ್ಚುವ ದಿನ ಅವಳ ಕೈಯಲ್ಲಿರುವ ಯಾವ ಹೊಸ ಕಾಗದವೂ ಹಾಗೆ ಹೇಳುವುದಿಲ್ಲ. ವಂಶಾವಳಿಯಲ್ಲಿ ಅಣ್ಣಂದಿರು ಮೂವರೂ ಫಕ್ಕೀರಪ್ಪ ಹಿತ್ತಲಮನಿ, ಇವಳೊಬ್ಬಳು ಯಾರೋ ಅಗಸಿಮನಿಯವಳು. ಹಕ್ಕು ಬಿಟ್ಟುಕೊಟ್ಟೆ ಎಂದು ಹೆಬ್ಬೆಟ್ಟು ಹಾಕಿಸಿಕೊಳ್ಳುವಾಗ ಮಾತ್ರ ಅವಳು ಫಕ್ಕೀರಪ್ಪನ ಮಗಳು ಎಂಬುದು ಎಲ್ಲರಿಗೂ ನೆನಪಾಗುತ್ತದೆ. ನಡುವಿನ ಹೆಸರು ವಂಶ ಕಾಯುತ್ತದೆ ಎನ್ನುವವರು ಈ ಒಂದು ಕಾಗದದ ಬಗ್ಗೆ ಏನಾದರೂ ಹೇಳಲಿ ಅಂತ ನಾನು ಬಹಳ ದಿನದಿಂದ ಕಾಯುತ್ತಿದ್ದೇನೆ.

ಅಪ್ಪನೇ ಇಲ್ಲದ, ಅಥವಾ ಅಪ್ಪ ಮುಖ ತೋರಿಸದ ಮಕ್ಕಳ ಕತೆ ಬೇರೆ. 1982ರಲ್ಲಿ ದೇವದಾಸಿ ಬಿಡುವುದನ್ನು ಕರ್ನಾಟಕ ಕಾನೂನಿನಿಂದ ನಿಷೇಧಿಸಿತು, ಆದರೆ ಆ ತಾಯಂದಿರ ಮಕ್ಕಳು ಸಾಲಿಯ ಬಾಗಿಲಲ್ಲಿ ಎದುರಿಸಿದ ಮೊದಲ ಪ್ರಶ್ನೆ ತಂದೆಯ ಹೆಸರೇನು ಎಂಬುದೇ ಆಗಿತ್ತು. ಅಜ್ಜನದೋ ಸೋದರಮಾವನದೋ ಹೆಸರು ತುಂಬಿ ಆ ಸಾಲು ದಾಟಿದವರಿದ್ದಾರೆ. ಬೆಳಿಗ್ಗೆಯಿಂದ ರಾತ್ರಿ ತನಕ ದುಡಿದು ಫೀ ಕಟ್ಟಿದವಳಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಕಾನೂನು ನಿಧಾನವಾಗಿ ದಾರಿಗೆ ಬರುತ್ತಿದೆ: ಒಂಟಿ ತಾಯಿ ಮಗುವಿನ ಪಾಲಕಳಾಗಲು ಅಪ್ಪನ ಹೆಸರು ಹೇಳಬೇಕಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2016ರಲ್ಲಿ ಪಾಸ್‌ಪೋರ್ಟಿಗೆ ತಂದೆ-ತಾಯಿಯಲ್ಲಿ ಒಬ್ಬರ ಹೆಸರು ಸಾಕೆಂದಾಯಿತು, 2018ರಲ್ಲಿ ಒಂಟಿ ತಾಯಿಯ ಮಕ್ಕಳಿಗೆ ಪ್ಯಾನ್ ಕಾರ್ಡಿಗೂ ಆ ಕಡ್ಡಾಯ ತಪ್ಪಿತು. ಹಿಂದೆ ಬಿದ್ದಿರುವುದು ನಮ್ಮ ರೂಢಿ.

ಎದುರು ಪಕ್ಷದಲ್ಲಿ ಒಂದು ವಾದಕ್ಕೆ ಮಾತ್ರ ನನಗೆ ಗೌರವವಿದೆ. ಅಡ್ಡಹೆಸರು ಅಂದರೆ ಜಾತಿ ಡಂಗುರ. ಹಿರೇಮಠ, ಕುಲಕರ್ಣಿ, ಹಡಪದ, ಮಾದರ ಅಂದ ಕೂಡಲೇ ಎದುರಿನವನು ಅಳೆದುಬಿಡುತ್ತಾನೆ. ಅದನ್ನು ಬಿಟ್ಟು ಅಪ್ಪನ ಹೆಸರಿಟ್ಟುಕೊಂಡರೆ ಆ ಕಾಟ ತಪ್ಪುತ್ತದೆ. ನಿಜ. ತಮಿಳುನಾಡಿನಲ್ಲಿ ಆತ್ಮಗೌರವ ಚಳವಳಿ ಜಾತಿಯ ಬಾಲ ಕತ್ತರಿಸಿದ ಮೇಲೆ ಉಳಿದದ್ದು ಅಪ್ಪನ ಹೆಸರಿನ ಒಂದಕ್ಷರ, ಅದು ದೊಡ್ಡ ಕೆಲಸ. ಆದರೆ ಈ ಕೆಲಸಕ್ಕೆ ತಾಯಿಯ ಹೆಸರೂ ಅಷ್ಟೇ ಚೆನ್ನಾಗಿ ಬರುತ್ತದೆ. ಅವಳ ಹೆಸರಲ್ಲಿ ಜಾತಿ ಹೆಚ್ಚು ಕಾಣಿಸುತ್ತದೆಯೇ? ಗುರುತು ಸಿಗುವುದಿಲ್ಲ ಎಂಬ ಇನ್ನೊಂದು ವಾದವಂತೂ ನಮ್ಮ ಕಡೆ ನಗೆಪಾಟಲು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯಿಂದ ಬಸಪ್ಪ ಫಕ್ಕೀರಪ್ಪನ ಮಗ ಫಕ್ಕೀರಪ್ಪ ಬಸಪ್ಪ, ಅವನ ಮಗ ಮತ್ತೆ ಬಸಪ್ಪ ಫಕ್ಕೀರಪ್ಪ. ಚಿಗಪ್ಪನ ಮಗನೂ ಅದೇ. ಅಂಚೆಯವನು ಗುರುತು ಹಿಡಿಯುವುದು ಓಣಿಯಿಂದ.

ಬೇಂದ್ರೆ ಅಂಥವರು ಕಾಗದಕ್ಕೆ ದತ್ತಾತ್ರೇಯ ರಾಮಚಂದ್ರರಾಗಿ, ಕಾವ್ಯಕ್ಕೆ ಅಂಬಿಕಾತನಯದತ್ತರಾಗಿ ಉಳಿದರು. ತಾಯಿಯ ಹೆಸರಿಗೆ ಕವಿತೆಯಲ್ಲಿ ಜಾಗ ಸಿಕ್ಕಿತು, ಕಚೇರಿಯಲ್ಲಿ ಸಿಗಲಿಲ್ಲ. ನನಗೆ ಇದಕ್ಕಿಂತ ಗಂಗೂಬಾಯಿ ಹಾನಗಲ್ಲರ ಉದಾಹರಣೆ ಇಷ್ಟ. ತಂದೆ ಚಿಕ್ಕೂರಾವ್ ನಾಡಿಗೇರ, ತಾಯಿ ಅಂಬಾಬಾಯಿ, ಗಂಡ ಗುರುರಾವ್ ಕೌಲಗಿ. ಅವರು ನಾಡಿಗೇರರೂ ಆಗಲಿಲ್ಲ, ಕೌಲಗಿಯೂ ಆಗಲಿಲ್ಲ. ಊರ ಹೆಸರಿನಲ್ಲಿ ಹಾಡಿದರು. ಜೊತೆಗೆ ಕೂತು ದನಿಗೂಡಿಸಿದ ಮಗಳೂ ಕೃಷ್ಣಾ ಹಾನಗಲ್. ಯಾರ ಮಗಳು, ಯಾರ ಹೆಂಡತಿ ಎಂದು ಯಾವ ಸಭೆಯೂ ಕೇಳಲಿಲ್ಲ. ತಾಯಿಯ ಹೆಸರು ಮಗಳಿಗೆ ದಾಟಿದ್ದಕ್ಕೆ ಧಾರವಾಡ ಸೀಮೆಯಲ್ಲಿ ಆಕಾಶವೇನೂ ಕಳಚಿ ಬೀಳಲಿಲ್ಲ.

ಮಹಾರಾಷ್ಟ್ರ ಸರಕಾರ 2024ರ ಮೇ 1ರಂದು ಮತ್ತು ಆಮೇಲೆ ಹುಟ್ಟಿದವರ ಸರಕಾರಿ ಕಾಗದಗಳಲ್ಲಿ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ತಂದಾಗ ಇಲ್ಲಿಯೂ ಕೆಲವರು ಚಪ್ಪಾಳೆ ತಟ್ಟಿದರು. ನಾನು ಅರ್ಧ ತಟ್ಟುತ್ತೇನೆ. ತಾಯಿ ಒಳಗೆ ಬಂದಳು, ಒಳ್ಳೆಯದು. ಆದರೆ ಮದುವೆಯಾದವಳು ತನ್ನ ಹೆಸರಿನ ನಂತರ ಗಂಡನ ಹೆಸರು ಬರೆಯುವ ರೂಢಿಯನ್ನು ಆ ಆದೇಶ ಹಾಗೆಯೇ ಬಿಟ್ಟಿದೆ. ಅಂದರೆ ಮಗನ ಹೆಸರಿನಲ್ಲಿ ತಾಯಿ ಕಾಯಂ ಆಗುತ್ತಾಳೆ, ಮಗಳ ಹೆಸರಿನಲ್ಲಿ ಲಗ್ನದ ತನಕ. ಆಗ ಅಪ್ಪನ ಜೊತೆ ಅವ್ವನನ್ನೂ ಎಬ್ಬಿಸಿ ಕಳಿಸುತ್ತಾರೆ.

ಹೆಸರು ಬದಲಾಗದಿದ್ದರೆ ಲಗ್ನವಾಯಿತೆಂದು ತಿಳಿಯುವುದು ಹೇಗೆ ಎಂದು ಮೊನ್ನೆ ಒಬ್ಬ ಹಿರಿಯರು ಕೇಳಿದರು, ಕುಹಕವಿಲ್ಲದೆ, ನಿಜವಾದ ಚಿಂತೆಯಿಂದ. ಮದುವೆಯಾದ ಮೇಲೆ ಹೆಸರು ಬದಲಿಸಬೇಕೆಂದು ಈ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆಗೆ ಒಂದು ಸಾಲಿದೆ, ತಾಯಿಗೆ ಒಂದು, ಗಂಡ ಅಥವಾ ಹೆಂಡತಿಗೆ ಇನ್ನೊಂದು. ಮದುವೆಯಾದ ಗಂಡಸರೆಲ್ಲ ಆ ಮೂರನೆಯ ಸಾಲು ತುಂಬುತ್ತಲೇ ಬಂದಿದ್ದಾರೆ. ಹೆಂಡತಿಯನ್ನು ತಮ್ಮ ಹೆಸರಿನ ನಡುವೆ ಕೂರಿಸಿಕೊಳ್ಳದಿದ್ದರೂ ಅವರ ಲಗ್ನದ ಬಗ್ಗೆ ಇಲ್ಲಿಯ ತನಕ ಯಾರೂ ಸಂಶಯಪಟ್ಟಿಲ್ಲ.